ಹಾವಸೆಗೆ ಒಳಮನೆಯಿಲ್ಲ

ನಮ್ಮ ವಿಜ್ಞಾನದ ಮಾಸ್ತರರು ಕೊನೆಗಾಲದಲ್ಲಿ ಆಸ್ತಿಕರಾದರು ಎಂದು ವಿಜಾಪುರದಲ್ಲಿ ಈಗ ಎಲ್ಲರೂ ಹೇಳುತ್ತಾರೆ. ಶಾಲೆಯಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಮುಖ್ಯಾಧ್ಯಾಪಕರೂ ಅದನ್ನೇ ಹೇಳಿದರು. ಬದುಕಿಡೀ ಎಲ್ಲದಕ್ಕೂ ಪುರಾವೆ ಕೇಳುತ್ತಿದ್ದ ಮನುಷ್ಯ ಕಟ್ಟಕಡೆಗೆ ಬಾವಡಿಯ ಮೆಟ್ಟಿಲಲ್ಲಿ, ಹಸರವ್ವನ ಕಲ್ಲಿನ ಮುಂದೆ ಬರಿಗಾಲಲ್ಲಿ ಕೂತು ಅತ್ತರು, ಅದನ್ನು ಓಣಿಗೆ ಓಣಿಯೇ ಕಣ್ಣಾರೆ ನೋಡಿದೆ ಎಂದರು. ಸಭೆಯಲ್ಲಿ ಒಂದು ನಿಟ್ಟುಸಿರು ಎದ್ದಿತು. ಸೋತವನನ್ನು ಕ್ಷಮಿಸಿದಾಗ ಬರುವಂಥ ನಿಟ್ಟುಸಿರು.

ನಾನು ಇದನ್ನು ಒಪ್ಪುವುದಿಲ್ಲ. ಕಂಡದ್ದು ಬೇರೆ, ಕಂಡದ್ದರಿಂದ ತೆಗೆದ ತೀರ್ಮಾನ ಬೇರೆ. ಎರಡರ ನಡುವಿನ ಸಂದಿಗೆ ಮೊದಲು ಬೆರಳು ಹಾಕಿ ನೋಡು ಎಂದು ನನಗೆ ಚರ್ಚಾಕೂಟದಲ್ಲಿ ಕಲಿಸಿದವರು ಅವರೇ. ಆದ್ದರಿಂದ ಕಂಡದ್ದನ್ನೆಲ್ಲ ಒಪ್ಪಿಬಿಡುತ್ತೇನೆ. ಅವರು ಅಲ್ಲಿ ಕೂರುತ್ತಿದ್ದರು, ಹೌದು. ಬರಿಗಾಲಲ್ಲಿ ಇಳಿಯುತ್ತಿದ್ದರು, ಹೌದು. ಅತ್ತರು, ಅದೂ ಹೌದು. ಆಗ ಪಕ್ಕದಲ್ಲಿ ನಾನೇ ಇದ್ದೆ. ಆದರೆ ಭಕ್ತಿಯಿಂದ ಅತ್ತರು ಎಂದು ಹೇಳಿದವರು ಯಾರು?

ಚಪ್ಪಲಿಯಿಂದಲೇ ಶುರು ಮಾಡೋಣ. ಆ ಬಾವಡಿಗೆ ಅವರು ಬರಿಗಾಲಲ್ಲಿ ಇಳಿಯುತ್ತಿದ್ದದ್ದು ಅಲ್ಲಿ ಯಾವ ಅವ್ವನೂ ಇಲ್ಲದ ಕಾಲದಿಂದ. ಅವರ ಚಪ್ಪಲಿಗೆ ಮೊಳೆ ಹೊಡೆದ ದಪ್ಪ ಅಟ್ಟೆ ಇತ್ತು. ಕಲ್ಲಿನ ಮೇಲಿನ ಹಾವಸೆಗೆ, ಆ ಪಾಚಿಯಂಥ ಹಸಿರಿಗೆ, ಅದು ತಾಗಬಾರದೆಂದು ಮೇಲೆಯೇ ಬಿಟ್ಟು ಇಳಿಯುತ್ತಿದ್ದರು. ಕೊರಳಲ್ಲಿ ಕರಿದಾರಕ್ಕೆ ಕಟ್ಟಿದ ಸಣ್ಣ ಭೂತಗನ್ನಡಿಯೊಂದು ಸದಾ ಅಂಗಿಯೊಳಗೆ ಇರುತ್ತಿತ್ತು; ಓಣಿಯವರು ಅದನ್ನು ತಾಯಿತ ಎಂದುಕೊಂಡಿದ್ದರು. ಅದನ್ನು ಕಣ್ಣಿಗೆ ಹಿಡಿದು ಕಲ್ಲಿನ ಮೇಲೆ ಬಗ್ಗಿದರೆ ದೂರದಿಂದ ನೋಡುವವರಿಗೆ ಅದು ನಮಸ್ಕಾರ. ಹತ್ತಿರ ಹೋಗಿ ನೋಡಿದವರು ಯಾರ್‍ಯಾರು ಎಂದು ಸಭೆಯಲ್ಲಿ ಎದ್ದುನಿಂತು ಕೇಳಬೇಕಿತ್ತು. ಶ್ರದ್ಧಾಂಜಲಿ ಸಭೆಯಲ್ಲಿ ಮರುಪ್ರಶ್ನೆಗೆ ಜಾಗ ಇರುವುದಿಲ್ಲ.

ಮಾಸ್ತರರು ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ದನಿ ಏರಿತೆಂದರೆ ಪುರಾವೆ ತೀರಿತು ಎಂದು ಅರ್ಥ ಎನ್ನುತ್ತಿದ್ದರು. ಯಾವ ಪ್ರಶ್ನೆಗೂ 'ಹೌದು' ಎಂದು ಸುಮ್ಮನೆ ಹೇಳುತ್ತಿರಲಿಲ್ಲ. 'ನಾ ನೋಡಿದ ಮಟ್ಟಿಗೆ' ಎಂದು ಮೊದಲು ಸೇರಿಸುತ್ತಿದ್ದರು. ಹೊರಗೆ ಮಳೆ ಬರುತ್ತಿದೆಯೇ ಎಂದು ಕೇಳಿದರೂ 'ಈ ಕಿಡಕಿಯಿಂದ ನೋಡಿದ ಮಟ್ಟಿಗೆ ಬರಾಕತ್ತೈತಿ' ಎನ್ನುವ ಜಾತಿ. ಹುಡುಗರು ಅದನ್ನು ಅಣಕಿಸುತ್ತಿದ್ದರು. ನನ್ನನ್ನು ಮಾಸ್ತರರು 'ವಕೀಲಾ' ಎಂದೇ ಕರೆಯುತ್ತಿದ್ದರು. ಹೊಗಳಿಕೆಯಲ್ಲ ಅದು. ಯಾವ ಪಕ್ಷ ಕೊಟ್ಟರೂ ವಾದಿಸಿ ಗೆಲ್ಲುತ್ತೇನೆ, ಯಾವುದನ್ನೂ ನಂಬುವುದಿಲ್ಲ ಎಂಬ ಚುಚ್ಚು ಅದರಲ್ಲಿತ್ತು. ಅದಕ್ಕೇ ಒಂದು ವಾರ ಒಂದು ಪಕ್ಷದಲ್ಲಿ ಮಾತಾಡಿದವನು ಮರುವಾರ ಎದುರು ಪಕ್ಷದಲ್ಲಿ ಮಾತಾಡಲೇಬೇಕೆಂಬ ನಿಯಮ ಮಾಡಿದ್ದರು.

ಗೋಳಗುಮ್ಮಟದ ಆಚೆಯ ಒಂದು ಓಣಿಯಲ್ಲಿ ಆ ಬಾವಡಿ ಇದೆ. ಹೆಸರುಳ್ಳ ದೊಡ್ಡ ಬಾವಡಿಗಳ ಸಾಲಿನದಲ್ಲ. ಕಲ್ಲಿನ ಮೆಟ್ಟಿಲು ಇಳಿದು ಕೊಡ ತುಂಬಿಕೊಳ್ಳುವ ಸಣ್ಣ ಬಾವಿ. ಬಿಸಿಲು ತಾಗದ ಒಂದು ಮೂಲೆಯ ಕಲ್ಲಿನ ಮೇಲೆ ಎರಡು ರೊಟ್ಟಿಯಷ್ಟು ಅಗಲಕ್ಕೆ ಆ ಹಾವಸೆ ಇತ್ತು. ನನ್ನನ್ನು ಮೊದಲ ಸಲ ಕರೆದುಕೊಂಡು ಹೋದಾಗ ಬೇಸಿಗೆ. ಕಲ್ಲಿನ ಮೇಲೆ ಕಂಡದ್ದು ಹೊತ್ತಿದ ರೊಟ್ಟಿಯ ಹಾಗೆ ಕರ್‍ರಗಿನ ಒಂದು ಹೊಪ್ಪಳಿಕೆ. ಇದು ಸತ್ತಿದೆಯೋ ಬದುಕಿದೆಯೋ ಎಂದು ಕೇಳಿದರು. ಸತ್ತಿದೆ ಎಂದೆ, ಬಣ್ಣವಿಲ್ಲ, ಹಸಿಯಿಲ್ಲ, ಮುಟ್ಟಿದರೆ ಪುಡಿಯಾಗುತ್ತದೆ ಎಂದು ಮೂರು ಕಾರಣವನ್ನೂ ಕೊಟ್ಟೆ. ಅವರು ಕರವಸ್ತ್ರ ಅದ್ದಿ ತಂದು ಅದರ ಮೇಲೆ ಹಿಂಡಿದರು. ನಾವು ನೋಡುತ್ತಿರುವಂತೆಯೇ ಮುದುಡಿದ ಎಳೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಕಪ್ಪು ಕಂದಾಗಿ, ಕಂದು ಹಸಿರಾಗಿ, ನನ್ನ ಮೂರೂ ಕಾರಣಗಳು ಅಲ್ಲೇ ಒದ್ದೆಯಾದವು.

"ತೀರ್ಪು ಕೊಡೂ ಮುಂಚೆ ಒಂದೀಟು ನೀರು ಹಾಕಿ ನೋಡಬೇಕೋ ವಕೀಲಾ," ಎಂದರು.

ಅವರು ತಿಕೋಟೆಯವರು. ಅವರ ಮನೆಯ ಹಿತ್ತಲ ಬಾವಿಯ ಗೋಡೆಯಲ್ಲಿ ಇದೇ ಹಾವಸೆ ಇತ್ತಂತೆ. ಎಳೆಯ ತುದಿಯಲ್ಲಿ ಬೆಳ್ಳಿ ಕೂದಲಿನಂಥದೊಂದು ಇರುತ್ತದೆ, ಅದರಿಂದ ಗುರುತು. ಬಾವಿಗೆ ಪಂಪು ಬಂತು, ಒಳಗೋಡೆಗೆ ಸಿಮೆಂಟು ಬಂತು, ಹಾವಸೆ ಹೋಯಿತು. ಆಮೇಲೆ ಅವರು ಸೈಕಲ್ಲಿನ ಮೇಲೆ ಊರೂರ ಬಾವಿಗಳನ್ನು ಇಳಿದು ನೋಡಿದರು. ಮತ್ತೆ ಕಂಡದ್ದು ಇಲ್ಲೊಂದೇ ಕಡೆ. ನಾನು ಬಿಡಲಿಲ್ಲ: ನೀವು ಇಳಿಯದ ಬಾವಿಗಳು ಸಾವಿರ ಇರಬಹುದು, ಇದೊಂದೇ ಉಳಿದಿದೆ ಎನ್ನಲು ನಿಮ್ಮ ಹತ್ತಿರ ಏನಾಧಾರ? ಆಧಾರವಿಲ್ಲ ಎಂದು ಕೂಡಲೇ ಒಪ್ಪಿದರು. ಎಲ್ಲೋ ಒಂದು ಕಡೆ ಇದ್ದೀತೆಂಬ ಧೈರ್ಯದ ಮೇಲೆ ಇದನ್ನು ಕೆರೆದು ಒಗೆಯೋಣವೇನು ಎಂದು ತಿರುಗಿ ಕೇಳಿದರು.

ಆ ವರ್ಷ ಮಳೆ ಶುರುವಾದಾಗ ಒಂದು ಜಾತಿಯ ಅಣಬೆಯನ್ನೂ ತೋರಿಸಿದರು, ಜೈನಾಪುರದಲ್ಲಿ. ಬಬಲೇಶ್ವರದ ತನಕ ಬಸ್ಸು, ಅಲ್ಲಿಂದ ಕಾಲುನಡಿಗೆ. ಅವರ ತಂಗಿಯ ಹೊಲದ ಬದುವಿನಲ್ಲಿ ಎದೆಯೆತ್ತರದ ಒಂದು ಹುತ್ತ. ಮೊದಲ ಮಳೆ ಬಿದ್ದಮೇಲೆ ಅದರ ಬುಡದಲ್ಲಿ ಉದ್ದ ಕಾಲಿನ ಬಿಳಿ ಅಣಬೆಗಳು ಒಮ್ಮೆಗೇ ಏಳುತ್ತವೆ, ನಾಲ್ಕು ದಿನದಲ್ಲಿ ಕುಸಿಯುತ್ತವೆ. ಮೇಲೆ ಕಾಣುವುದು ಅದರ ಹೂವಷ್ಟೇ, ಗಿಡ ಇರುವುದು ಒಳಗೆ, ಗೆದ್ದಲುಗಳು ಕತ್ತಲೆಯಲ್ಲಿ ಅದನ್ನು ತೋಟದ ಹಾಗೆ ಸಾಕುತ್ತವೆ ಎಂದು ಮಾಸ್ತರರು ವಿವರಿಸಿದರು. ಮೊದಲು ಈ ಭಾಗದ ಎಷ್ಟೋ ಬದುಗಳಲ್ಲಿ ಇಂಥ ಹುತ್ತಗಳಿದ್ದವಂತೆ. ಟ್ರ್ಯಾಕ್ಟರು ಬಂದು ಬದುಗಳು ಸಪಾಟಾದವು, ಗೆದ್ದಲಿಗೆಂದು ಪುಡಿ ಬಂತು. ಹುತ್ತ ಹೋದಲ್ಲಿ ಅಣಬೆಯೂ ಹೋಯಿತು. ಈ ಹುತ್ತವನ್ನೂ ಕೆಡವಲು ತಂಗಿಯ ಗಂಡ ಟ್ರ್ಯಾಕ್ಟರು ತಂದಿದ್ದ. ತಂಗಿ ಪಂಚಮಿಗೆ ಹಾಲೆರೆಯುವ ಹುತ್ತ ಅದು. ಆಕೆ ಹೋಗಿ ಅದಕ್ಕೆ ಬೆನ್ನು ಕೊಟ್ಟು ನಿಂತಳಂತೆ: "ನಾಗಪ್ಪನ ಮನಿ ಇದು. ಮೊದಲ ನನ್ನ ಮ್ಯಾಲ ಹಾಯಿಸ್ರಿ, ಆಮ್ಯಾಲ ಅದರ ಮ್ಯಾಲ." ಗಂಡ ಟ್ರ್ಯಾಕ್ಟರು ತಿರುಗಿಸಿದ.

ವಾಪಸು ಬರುವಾಗ ನಾನು ಬಸ್ಸಿನಲ್ಲಿ ನಗಾಡಿದೆ. ಇಲ್ಲದ ಹಾವಿನ ಹೆಸರಿನಲ್ಲಿ ಇರುವ ಅಣಬೆ ಉಳಿಯಿತಲ್ಲ, ಇದೆಂಥ ತರ್ಕ ಎಂದೆ. ಮಾಸ್ತರರು ನಗಲಿಲ್ಲ. ಕಾರಣ ಸುಳ್ಳಾದರೂ ಅಣಬೆ ಉಳಿದದ್ದು ಸುಳ್ಳಲ್ಲ ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿದರು. ಆ ಮಾತು ಅವರೊಳಗೆ ಎಷ್ಟು ಆಳಕ್ಕೆ ಇಳಿದಿತ್ತು ಎಂಬುದು ನನಗೆ ಆಗ ತಿಳಿಯಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಒಂದು ವಾರ ಚರ್ಚೆಗೆ ಅವರು ಇಟ್ಟ ವಿಷಯ: ಹಾವಸೆ, ಅಣಬೆ, ಎರಡರಲ್ಲಿ ಹೆಚ್ಚು ಅಪಾಯದಲ್ಲಿರುವುದು ಯಾವುದು? ನನಗೆ ಅಣಬೆಯ ಪಕ್ಷ ಬಂತು. ಅಣಬೆ ಪರಾಧೀನ ಎಂದು ವಾದಿಸಿದೆ. ಗೆದ್ದಲು ಸತ್ತ ದಿನವೇ ಅದಕ್ಕೂ ಸಾವು. ವರ್ಷಕ್ಕೆ ನಾಲ್ಕು ದಿನ ಮಾತ್ರ ಕಣ್ಣಿಗೆ ಬೀಳುವುದರ ಪರವಾಗಿ ಉಳಿದ ದಿನ ಯಾರು ಮಾತಾಡುತ್ತಾರೆ? ಹಾವಸೆಗಾದರೋ ಒಂದು ಕಲ್ಲು, ಒಂದಿಷ್ಟು ನೆರಳು ಸಾಕು. ತಿಂಗಳುಗಟ್ಟಲೆ ನೀರಿಲ್ಲದೆ ಕಾಯಬಲ್ಲದು. ಯಾರ ಹಂಗಿನಲ್ಲೂ ಇಲ್ಲದ್ದಕ್ಕೆ ಭಯವೇನು? ಎದುರು ಪಕ್ಷದ ಹುಡುಗ ತಡವರಿಸಿ ಕೂತ. ಗೆದ್ದದ್ದು ನಾನು. ನಿಯಮದ ಪ್ರಕಾರ ಮರುವಾರ ನಾನು ಹಾವಸೆಯ ಪಕ್ಷ ಹಿಡಿಯಬೇಕಿತ್ತು. ಮರುವಾರ ಚರ್ಚಾಕೂಟ ಸೇರಲಿಲ್ಲ. ಎಪ್ಪತ್ತೆರಡರ ಬರ, ಊರಿನ ನಲ್ಲಿಗಳು ಒಣಗಿದ್ದವು, ಮಾತಿಗಿಂತ ಕೊಡ ಮುಖ್ಯವಾಗಿತ್ತು. ಹಾವಸೆಯ ಪರವಾಗಿ ಯಾರೂ ನೆಟ್ಟಗೆ ವಾದಿಸದೆಯೇ ಆ ಚರ್ಚೆ ಮುಗಿದುಹೋಯಿತು.

ನೀರಿಗಾಗಿ ಹಳೆಯ ಬಾವಡಿಗಳ ಹೂಳೆತ್ತುವ ಕೆಲಸ ಶುರುವಾಯಿತು. ಆಳುಗಳು ಕಬ್ಬಿಣದ ಸಲಿಕೆ ಹಿಡಿದು ಇಳಿದು ಮೆಟ್ಟಿಲು, ಗೋಡೆ ಎಲ್ಲ ಕೆರೆದು ಸುಣ್ಣ ಬಳಿಯುತ್ತಿದ್ದರು. ಮಾಸ್ತರರು ಕಚೇರಿಗೆ ಹೋಗಿ ಒಂದು ಕಲ್ಲನ್ನು ಮಾತ್ರ ಬಿಡಿ ಎಂದು ಕೇಳಿಕೊಂಡರು. ಮಂದಿಗೆ ಕುಡಿಯಲು ನೀರಿಲ್ಲದಾಗ ಪಾಚಿಯ ಚಿಂತೆಯೇನು ಮಾಸ್ತರೇ ಎಂದು ಅಲ್ಲಿಯ ಸಾಹೇಬರು ನಕ್ಕರಂತೆ. ಸಾಹೇಬರು ಹೇಳಿದ್ದು ಸರಿ ಎಂದು ಮಾಸ್ತರರೇ ನನಗೆ ಹೇಳಿದರು. ನೀರು ಮೊದಲು. ಆದರೆ ಆ ಕಲ್ಲು ನೀರಿನಿಂದ ಎಷ್ಟೋ ಮೇಲಿತ್ತು. ಅದನ್ನು ಕೆರೆದರೆ ಒಂದು ಕೊಡವೂ ಹೆಚ್ಚು ತುಂಬುವುದಿಲ್ಲ. ಅದನ್ನು ಕೇಳಿಸಿಕೊಳ್ಳುವ ವ್ಯವಧಾನ ಯಾರಿಗೂ ಇರಲಿಲ್ಲ.

ಆಳುಗಳು ಬರುವ ದಿನ ಬೆಳಗಿನಲ್ಲಿ ನಾನು ಬಾವಡಿಗೆ ಹೋದಾಗ ಮಾಸ್ತರರು ಆಗಲೇ ಕೆಳಗಿದ್ದರು. ಕೈಯಲ್ಲಿ ಕಾಗದದ ಪೊಟ್ಟಣ, ನಾಲ್ಕು ಕಣಗಿಲ ಹೂವು. ಹಾವಸೆಗೆ ತಾಗದ ಹಾಗೆ, ಅದರ ಪಕ್ಕದ ಬರಿಗಲ್ಲಿಗೆ ಅರಿಷಿಣ ಸವರಿ ನಡುವೆ ಕುಂಕುಮ ಇಡುತ್ತಿದ್ದರು. ಮದುವೆ ಮುಂಜಿಗಳಲ್ಲಿ ಸುಮ್ಮನೆ ಹಣೆಗೆ ಇಟ್ಟುಕೊಂಡದ್ದು ಬಿಟ್ಟರೆ ಆ ಪುಡಿಯನ್ನು ಮುಟ್ಟಿದವರಲ್ಲ.

"ಸರ್, ಇದು ಸುಳ್ಳಲ್ಲೇನ್ರೀ?" ಎಂದೆ.

"ಹೌದು. ಸುಳ್ಳ," ಎಂದರು, ತಿರುಗದೆಯೇ. "ಜೈನಾಪುರದಾಗ ಉಳಿಸೇತಿ. ಇಲ್ಲೂ ಉಳಿಸ್ತೈತಿ."

ಉಳಿಸಿತು. ಆಳುಗಳ ಮುಖಂಡ ಕುಂಕುಮ ಕಂಡವನೇ ತಲೆಯ ಪಟಗ ತೆಗೆದು ಕೈಮುಗಿದ. ಆ ಕಲ್ಲೊಂದನ್ನು ಬಿಟ್ಟು ಬಾವಡಿಯೆಲ್ಲ ಸುಣ್ಣದಲ್ಲಿ ಬೆಳ್ಳಗಾಯಿತು. ಮಾಸ್ತರರು ತಮ್ಮ ಬದುಕಿನಲ್ಲಿ ಪುರಾವೆ ಇಲ್ಲದೆ ಹೇಳಿದ ಮಾತು, ನಾನು ನೋಡಿದ ಮಟ್ಟಿಗೆ, ಅದೊಂದೇ. ಅದನ್ನೂ ಅವರು ಬಾಯಲ್ಲಿ ಹೇಳಿರಲಿಲ್ಲ.

ಓಣಿಯ ಬಾಯಲ್ಲಿ ಕಾಯಿಪಲ್ಲೆ ಬುಟ್ಟಿ ಇಟ್ಟುಕೊಂಡು ಕೂರುವ ಒಬ್ಬ ಮುದುಕಿ ಇದ್ದಾಳೆ, ಎಲ್ಲರಿಗೂ ಆಯಿ. ಕೊಳ್ಳುವವರಿಗಿಂತ ಜೋರು ಅವಳ ನಾಲಿಗೆ. ಬದನೆಕಾಯಿ ಒತ್ತಿ ನೋಡಿದವರಿಗೆ, ನಿನ್ನ ಹೆಂಡತಿಯನ್ನೂ ಹೀಗೆ ಒತ್ತಿ ನೋಡಿಯೇ ತಂದೆಯೇನೋ ಎಂದು ಕೇಳುವವಳು. ಆ ದಿನವೇ ಅವಳು ನೀರಿಗೆಂದು ಬಾವಡಿ ಇಳಿದಳು. ಕುಂಕುಮ ಕಂಡಳು, ಒಂದು ಚಂಬು ನೀರು ಕಲ್ಲಿನ ಮೇಲೆ ಸುರಿದಳು. ಕರಿ ಹೊಪ್ಪಳಿಕೆ ಅವಳ ಕಣ್ಣೆದುರಿಗೆ ಹಸಿರಾಯಿತು. ಗಿಡದೆಲೆ ಸುಟ್ಟು ನಿಂತ ಊರಿನಲ್ಲಿ, ಅಂಥ ಬರದಲ್ಲಿ. ಆಯಿ ಅಲ್ಲೇ ಮೆಟ್ಟಿಲ ಮೇಲೆ ಕೈಮುಗಿದು ಕೂತಳು. ಸಂಜೆಯೊಳಗೆ ಓಣಿಯ ಹೆಂಗಸರೆಲ್ಲ ಬಂದರು. ಹಸರವ್ವ ಎಂಬ ಹೆಸರನ್ನು ಯಾರು ಇಟ್ಟರೋ, ಇಟ್ಟಾಗಿತ್ತು. ನನಗೆ ನಗು ಬಂತು. ಮಾಸ್ತರರ ಮುಖ ನೋಡಿ ನುಂಗಿಕೊಂಡೆ. ಆ ಬೇಸಿಗೆಯಲ್ಲಿ ದಿನಾ ಚಂಬು ನೀರು ಕಂಡು ಹಾವಸೆ ಹಿಂದೆಂದೂ ಇಲ್ಲದಷ್ಟು ಹಬ್ಬಿತ್ತು. ಭೂತಗನ್ನಡಿ ಹಿಡಿದು ನೋಡಿ ಮಗುವಿನ ಹಾಗೆ ಹಿಗ್ಗುತ್ತಿದ್ದರು.

ಮಳೆ ಬಂತು. ಬಂದದ್ದೇ ಅವ್ವನ ಕೃಪೆಯಾಯಿತು. ಬರಿಯ ನೀರಿನಲ್ಲಿ ಯಾರಿಗೂ ಸಮಾಧಾನವಾಗದಾಯಿತು. ಹಾಲು ಬಂತು, ಎಣ್ಣೆ ಬಂತು, ಕಾಯಿ ಒಡೆದ ನೀರು ಬಂತು. ಕುಂಕುಮ ಬರಿಗಲ್ಲು ದಾಟಿ ಹಾವಸೆಯ ಮೇಲೆ ಏರಿತು, ಅದರ ಮುಂದೆ ಕರ್ಪೂರ ಉರಿಯಿತು. ಮಾಸ್ತರರು ಮೆಟ್ಟಿಲಲ್ಲಿ ನಿಂತು, ಅವ್ವನಿಗೆ ನೀರಷ್ಟೇ ಸಾಕು, ಬೇರೆ ಏನೂ ಹಾಕಬೇಡಿ ಎಂದು ಬಂದವರಿಗೆಲ್ಲ ಹೇಳತೊಡಗಿದರು. ವಿಜ್ಞಾನದ ಮಾಸ್ತರರು ಪೂಜಾರಿಯ ಭಾಷೆಯಲ್ಲಿ ಮಾತಾಡುವುದನ್ನು ನೋಡಲು ನನಗಾಗುತ್ತಿರಲಿಲ್ಲ. ಒಂದು ದಿನ ಆಯಿ ಹಾಲಿನ ಗಿಂಡಿ ಹಿಡಿದು ನಿಂತು ಕೇಳಿದಳು: "ಅವ್ವಗ ಏನ ಬೇಕು ಏನ ಬ್ಯಾಡ ಅಂತ ನಿಮಗ ಯಾರ ಹೇಳ್ಯಾರ್ರಿ ಮಾಸ್ತರ್ರ? ನಿಮ್ಮ ಕನಸಿನ್ಯಾಗ ಬಂದಿದ್ಲೇನು?"

ಮಾಸ್ತರರ ಹತ್ತಿರ ಒಂದೇ ಒಂದು ಉತ್ತರವಿತ್ತು. ಅದನ್ನು ಹೇಳಿದರೆ ಹಾಲು ನಿಲ್ಲುತ್ತಿತ್ತು, ಕಾವಲೂ ನಿಲ್ಲುತ್ತಿತ್ತು. ಆಯಿ ಹಾಲು ಸುರಿದು ಹೋದಳು.

ಮುಂದಿನ ಬೇಸಿಗೆಯ ಒಂದು ಸಂಜೆ ನನ್ನನ್ನು ಕರೆದುಕೊಂಡು ಇಳಿದರು. ಕಲ್ಲಿನ ಮೇಲೆ ಎಣ್ಣೆಯ ಪದರ, ಅದರ ಮೇಲೆ ಹಾಲಿನ ಕರೆ, ಅದರ ಮೇಲೆ ಜೇಡರ ಬಲೆಯಂಥ ಬಿಳಿಯ ಬೂಷ್ಟು. ಬೂಷ್ಟು ಅಣಬೆಯ ದಾಯಾದಿ ಎಂದು ಅವರೇ ನಮಗೆ ಪಾಠ ಮಾಡಿದ್ದರು. ಕರವಸ್ತ್ರ ಅದ್ದಿ ತಂದು ಹಿಂಡಿದರು. ಕಾದೆವು. ಮತ್ತೆ ಅದ್ದಿ ತಂದರು. ಕಲ್ಲು ಒದ್ದೆಯಾಯಿತು, ಕಪ್ಪು ಕಪ್ಪಾಗಿಯೇ ಉಳಿಯಿತು. ಬೆರಳಲ್ಲಿ ಮುಟ್ಟಿದರೆ ಮಸಿಯ ಹಾಗೆ ಅಂಟಿಕೊಂಡು ಬಂತು.

ಆಗಲೇ ಅವರು ಅತ್ತದ್ದು. ಓಣಿ ನೋಡಿದ್ದು ಅದನ್ನೇ.

"ಅಣಬಿಗೆ ಒಳಮನಿ ಐತೋ," ಎಂದರು. "ನನ್ನ ತಂಗಿ ಎಷ್ಟ ಹಾಲ ಸುರುವಿದ್ರೂ ಅದು ಮಣ್ಣಿನ ಗ್ವಾಡಿ ಹೊರಗ ಉಳೀತೈತಿ. ಒಳಗ ಗೆದ್ದಲ ತಮ್ಮ ತ್ವಾಟ ತಾವು ನೋಡ್ಕೋತ ಇರ್‍ತಾವ. ಇದಕ್ಕ ಒಳಗ ಅನ್ನೂದ ಇಲ್ಲ. ಮೈಯೆಲ್ಲಾ ಬಾಯಿ. ಮ್ಯಾಲ ಬಿದ್ದದ್ದನ್ನೆಲ್ಲಾ ಕುಡೀತೈತಿ, ಬ್ಯಾಡ ಅನ್ನಾಕ ಬರೂದಿಲ್ಲ. ಇದನ್ನ ವರ್ಷಾ ವರ್ಷಾ ಹಲಗಿ ಮ್ಯಾಲ ಬರದು ಪಾಠಾ ಮಾಡೇನಿ. ಗೊತ್ತಿತ್ತು ನನಗ."

ನಾನು ಏನಾದರೂ ಹೇಳಬೇಕಿತ್ತು. ನನ್ನ ಬಳಿ ಇದ್ದದ್ದು ವಾದ ಮಾತ್ರ. ಕುಂಕುಮ ಇಡದಿದ್ದರೆ ಅದು ಸಲಿಕೆಗೆ ಆಗಲೇ ಹೋಗುತ್ತಿತ್ತು, ನೀವು ಅದರ ಆಯುಷ್ಯ ಹೆಚ್ಚಿಸಿದಿರಿ ಎಂದೆ. ಈಗ ಕಳೆದುಕೊಳ್ಳಲು ಏನೂ ಉಳಿದಿಲ್ಲ, ನಡೆದದ್ದನ್ನು ಓಣಿಗೆ ಹೇಳಿಬಿಡಿ, ಪತ್ರಿಕೆಗೆ ನಾನು ಬರೆಯುತ್ತೇನೆ ಎಂದೆ. ಅವರು ತಲೆಯಾಡಿಸಿದರು. ಓಣಿಗೆ ಹೇಳುವುದು ದೊಡ್ಡದಲ್ಲ ಎಂದರು. ಮೊದಲ ಚಂಬು ನೀರು ಹಾಕಿದವಳು ಆಯಿ; ಮೊದಲು ಅವಳಿಗೆ ಹೇಳಬೇಕು, ತಾವೇ ಹೇಳಬೇಕು, ತಾವು ಹೇಳುವ ತನಕ ನಾನು ಬಾಯಿ ಬಿಡಬಾರದು.

ನಿವೃತ್ತಿಯಾದ ಮೇಲೆ ಅವರು ಪ್ರತಿ ಸಂಜೆ ಬಾವಡಿಗೆ ಹೋಗಿ ಕೂರುತ್ತಿದ್ದದ್ದು ಅದಕ್ಕೆ. ದೇವರ ಧ್ಯಾನವಲ್ಲ ಅದು. ಒಂದು ವಾಕ್ಯ ಹೇಳಲು ಕಾಯುತ್ತಿದ್ದರು, ಅಷ್ಟೇ. ವಾದ ಮಂಡಿಸಲು ನಮಗೆಲ್ಲ ಕಲಿಸಿದವರಿಗೆ ಆ ಒಂದು ವಾಕ್ಯ ಹೇಳಲಾಗಲಿಲ್ಲ. ಹೇಳಿದಿರಾ ಎಂದು ಕಂಡಾಗಲೆಲ್ಲ ಕೇಳುತ್ತಿದ್ದೆ. ಇವತ್ತು ಆಗಲಿಲ್ಲೋ, ನಾಳೆ, ಎನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಒಂದು ಸಂಜೆ ನಾನೂ ಜೊತೆಗೆ ಕೂತೆ. ಆಯಿ ದೀಪದ ಬತ್ತಿ ಹೊಸೆಯುತ್ತಿದ್ದಳು.

"ಆಯಿ, ನಿಮಗೊಂದ ಮಾತ ಹೇಳೂದೈತಿ," ಎಂದು ಮಾಸ್ತರರು ಶುರು ಮಾಡಿದರು.

"ಅದಿರ್‍ಲಿ, ಈ ಅಂಗಿ ಗುಂಡಿ ಯಾವಾಗ ಬಿದ್ದೇತ್ರಿ? ನಿಮ್ಮ ಮನ್ಯಾಗ ಸೂಜಿ ದಾರ ಇಲ್ಲೇನು?" ಎಂದಳು ಆಯಿ. ಅಲ್ಲಿಂದ ಮಾತು ಸೊಸೆಗೆ ಹೋಯಿತು, ಸೊಸೆಯಿಂದ ಬಬಲೇಶ್ವರದ ಸಂತೆಯಲ್ಲಿ ಕೊಳೆತ ಬದನೆಕಾಯಿ ಕೊಟ್ಟು ಮೋಸ ಮಾಡಿದವನಿಗೆ, ಅವನಿಂದ ಅವಳ ಮೊಣಕಾಲು ನೋವಿಗೆ. ಮಾಸ್ತರರು ಇನ್ನೆರಡು ಸಲ 'ಆಯಿ' ಎಂದರು. ಇನ್ನೆರಡು ಸಲ ಮಾತು ಬೇರೆ ಕಡೆ ಹರಿಯಿತು. ಕತ್ತಲಾಯಿತೆಂದು ಅವಳು ಎದ್ದುಹೋದಳು. ಮಾಸ್ತರರು ನನ್ನ ಮುಖ ನೋಡದೆ ಚಪ್ಪಲಿ ಮೆಟ್ಟಿಕೊಂಡರು.

ಈ ವರ್ಷ ಮಳೆಗಾಲ ಹಿಡಿಯುವ ಮುಂಚೆ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಸುದ್ದಿ ತೆಗೆದುಕೊಂಡು ಜೈನಾಪುರಕ್ಕೆ ನಾನೇ ಹೋಗಿದ್ದೆ. ಮಳೆಯಾದ ಮೇಲೆ ಅವರ ತಂಗಿಯನ್ನು ನೋಡಲು ಇನ್ನೊಮ್ಮೆ ಹೋದೆ. ಹುತ್ತದ ಬುಡದಲ್ಲಿ ಅಣಬೆಗಳು ಎದ್ದಿದ್ದವು. ಆಕೆ ಆಡುಗಳು ತುಳಿಯದಂತೆ ಮುಳ್ಳು ಹಚ್ಚಿದ್ದಳು. ಅಣ್ಣ ಪ್ರತಿ ವರ್ಷ ಇಷ್ಟೊತ್ತಿಗೆ ಬಂದು ನೋಡುತ್ತಿದ್ದ ಎಂದಳು. ನನಗೆ ಆ ಬಿಳಿ ಕೊಡೆಗಳ ಮೇಲೆ ಯಾಕೋ ಹೊಟ್ಟೆಕಿಚ್ಚಾಯಿತು.

ಅವರು ಹೇಳುವ ತನಕ ಬಾಯಿ ಬಿಡಬೇಡ ಎಂದಿದ್ದರು. ಅವರು ಹೇಳಿದರೋ ಇಲ್ಲವೋ ಎಂಬುದೇ ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟು. ಅವರು ಹೋದಂದಿನಿಂದ ಆಯಿ ಆ ಕಲ್ಲಿಗೆ ಹಾಲು ಎಣ್ಣೆ ತಂದವರನ್ನು ಮೆಟ್ಟಿಲಲ್ಲೇ ತಡೆದು ಬಯ್ದು ಕಳಿಸುತ್ತಾಳೆ. ಬರಿಯ ನೀರು ಎನ್ನುತ್ತಾಳೆ. ಯಾಕೆಂದು ಕೇಳಿದವರಿಗೆ ಕಾರಣ ಹೇಳುವುದಿಲ್ಲ. ಬೆಳಗಿಗೊಂದು ಚಂಬು ತಾನೇ ಹಾಕಿ, ಕಲ್ಲು ಒಣಗುವ ತನಕ ಅದನ್ನೇ ನೋಡುತ್ತ ನಿಲ್ಲುತ್ತಾಳೆ. ಅಲ್ಲಿ ಏನೂ ಹಸಿರಾಗುವುದಿಲ್ಲ.

ಮೊನ್ನೆ ಅವಳ ಬುಟ್ಟಿಯ ಮುಂದೆ ಹೋಗಿ ಕೂತೆ. ಎಂದಿನಂತೆ ಬಯ್ಯಲಿ ಎಂದು ಕಾದೆ, ಬಯ್ಯಲಿಲ್ಲ. ಎಷ್ಟೋ ಚರ್ಚೆಗಳಲ್ಲಿ ಎದುರಾಳಿಯನ್ನು ಮೂಲೆಗೆ ತಳ್ಳಿ ಪ್ರಶ್ನೆ ಕೇಳಿದ್ದೇನೆ. ಉತ್ತರ ಏನಿದ್ದರೂ ನಾನೇ ಸೋಲುವ ಪ್ರಶ್ನೆಯನ್ನು ಕೇಳಿದ್ದು ಅದೇ ಮೊದಲು. ಅವಳಿಗೆ ಗೊತ್ತಿದ್ದರೆ ಮಾಸ್ತರರ ಮೇಲೆ ನಾನು ಮಾಡಿಕೊಂಡ ಸಿಟ್ಟು ತಪ್ಪು, ಗೊತ್ತಿರದಿದ್ದರೆ ಈ ಪ್ರಶ್ನೆಯಿಂದಲೇ ಅವರಿಗೆ ಕೊಟ್ಟ ಮಾತು ಮುರಿದಂತೆ.

"ಆಯಿ, ಮಾಸ್ತರ್ರು ಬಾಯಿ ತಗದಾಗೊಮ್ಮೆ ನೀ ಬ್ಯಾರೆ ಮಾತು ತಗೀತಿದ್ದಿ. ಅವರು ಏನ ಹೇಳಾಕ ಬಂದಾರಂತ ನಿನಗ ಮೊದಲ ಗೊತ್ತಿತ್ತೇನು?"